ಜ್ವಾಲಾಮುಖಿ: ಮೊದಲು ಬಾಯಿ ತೋರಿಸಿ

ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ರೀಲ್ಸ್‌ಗಳಿಗೆ ಈಗೊಂದು ಸಿದ್ಧ ಪಾಠವಿದೆ. ಮಂಜು, ಬೈಕು, ಕೊಳಲಿನ ಹಿನ್ನೆಲೆ ಸಂಗೀತ, ಕೊನೆಗೆ ಈ ಬೆಟ್ಟ ಆರಿಹೋದ ಜ್ವಾಲಾಮುಖಿ ಎಂಬ ಘೋಷಣೆ. ಹೋಂಸ್ಟೇ ಫಲಕಗಳಿಗೂ ಅದು ಹತ್ತಿದೆ, ಕಾಫಿ ಪೊಟ್ಟಣಗಳ ಮೇಲೂ 'ಜ್ವಾಲಾಮುಖಿ ಮಣ್ಣಿನಲ್ಲಿ ಬೆಳೆದದ್ದು' ಎಂದು ಅಚ್ಚಾಗುತ್ತಿದೆ. ಶಕುನಗಿರಿಯ ತುದಿ ಚೂಪಾಗಿದೆಯೆಂದು ಅದನ್ನೂ ಪಟ್ಟಿಗೆ ಸೇರಿಸಿದ್ದಾರೆ. ಬುಡದಲ್ಲಿರುವ ಅಯ್ಯನಕೆರೆ ಜ್ವಾಲಾಮುಖಿ ಸರೋವರವಂತೆ. ಜನ ಏರಿ ಹಾಕಿ ಕಟ್ಟಿದ ಕೆರೆ ಅದು. ಏರಿಯ ಮೇಲೆ ನಿಂತುಕೊಂಡೇ ಹೀಗೆ ಹೇಳುವುದಕ್ಕೆ ಒಂದು ಧೈರ್ಯ ಬೇಕು.

ಪದದಿಂದಲೇ ಶುರು ಮಾಡೋಣ, ಎಡವಟ್ಟಿನ ಅರ್ಧ ಅಲ್ಲೇ ಇದೆ. ಜ್ವಾಲೆ ಎಂದರೆ ಉರಿಯ ನಾಲಗೆ. ಮುಖ ಎಂದರೆ ಇಲ್ಲಿ ಮೋರೆಯಲ್ಲ, ಬಾಯಿ. ಸಂಸ್ಕೃತದಲ್ಲಿ ಆ ಪದದ ಮೊದಲ ಅರ್ಥವೇ ಅದು. ಗುಹಾಮುಖ, ನದೀಮುಖ ಎನ್ನುವಾಗ ನಾವೂ ಹಾಗೆಯೇ ಬಳಸುತ್ತೇವೆ. ಕೊನೆಯ 'ಇ' ಸ್ತ್ರೀಲಿಂಗದ ಗುರುತು. ಹಾಗಾಗಿ ಜ್ವಾಲಾಮುಖಿ ಎಂದರೆ 'ಉರಿಯೇ ಬಾಯಾಗಿರುವವಳು'. ಇದು ಬೆಟ್ಟಕ್ಕೆ ಇಟ್ಟ ಹೆಸರಲ್ಲ, ದೇವಿಯ ಹೆಸರು. ಹಿಮಾಚಲ ಪ್ರದೇಶದ ಕಾಂಗ್ಡಾ ಜಿಲ್ಲೆಯ ಜ್ವಾಲಾಮುಖಿ ದೇವಸ್ಥಾನದಲ್ಲಿ ಬಂಡೆಯ ಬಿರುಕುಗಳಿಂದ ಹೊರಡುವ ನೈಸರ್ಗಿಕ ಅನಿಲ ಸದಾ ಉರಿಯುತ್ತಿರುತ್ತದೆ. ಆ ಜ್ವಾಲೆಯನ್ನೇ ದೇವಿಯೆಂದು ಪೂಜಿಸುತ್ತಾರೆ. ಅಲ್ಲಿ ಲಾವಾ ಇಲ್ಲ, ನೆಲದೊಳಗೆ ಕರಗಿದ ಕಲ್ಲಾದ ಶಿಲಾಪಾಕವೂ ಇಲ್ಲ. ಸಂಸ್ಕೃತ ನಿಘಂಟುಗಳೂ ಈ ಪದಕ್ಕೆ ನೆಲದೊಳಗಿನ ಬೆಂಕಿಯೋ ಅನಿಲವೋ ಹೊರಬರುವ ಜಾಗ ಎಂದೇ ಅರ್ಥ ಕೊಡುತ್ತವೆ. ಭೂಗೋಳದ ಪಠ್ಯಕ್ಕೆ ಪರಿಭಾಷೆ ಬೇಕಾದಾಗ ಹಿಂದಿ, ಮರಾಠಿ, ಕನ್ನಡಗಳು ಈ ಹೆಸರನ್ನು ಎತ್ತಿಕೊಂಡವು. ತೆಲುಗು, ಮಲಯಾಳಗಳು 'ಅಗ್ನಿಪರ್ವತ'ಕ್ಕೆ ಅಂಟಿಕೊಂಡವು, ತಮಿಳು 'ಎರಿಮಲೈ' ಎಂದಿತು. ಕನ್ನಡದಲ್ಲೂ ಅಗ್ನಿಪರ್ವತ ಇದೆ, ಬಳಸುವವರು ಕಡಿಮೆ. ಅಂದಹಾಗೆ, ನರಸಿಂಹರಾಜಪುರದ ಸಿಂಹನಗದ್ದೆ ಬಸದಿಯ ಜ್ವಾಲಾಮಾಲಿನಿಗೂ ಭೂವಿಜ್ಞಾನಕ್ಕೂ ಸಂಬಂಧ ಕಲ್ಪಿಸುವವರಿದ್ದಾರೆ. ಆಕೆ ಜೈನ ಯಕ್ಷಿ, ಅಷ್ಟೆ.

ಜ್ವಾಲಾಮುಖಿ, ಅಗ್ನಿಪರ್ವತ ಎಂಬ ಎರಡು ಪದಗಳಲ್ಲಿ ಜ್ವಾಲಾಮುಖಿಯೇ ವಾಸಿ. ಅಗ್ನಿಪರ್ವತ ಎಂದ ಕೂಡಲೆ ಪರ್ವತ ಇರಲೇಬೇಕಾಗುತ್ತದೆ, ನೆಲ ಬಾಯಿಬಿಡಲು ಪರ್ವತವೇ ಬೇಕಿಲ್ಲ. 1783ರಲ್ಲಿ ಐಸ್‌ಲ್ಯಾಂಡಿನ ಲಾಕಿಯಲ್ಲಿ ಬಾಯಿಬಿಟ್ಟದ್ದು ಸುಮಾರು 27 ಕಿಲೋಮೀಟರ್ ಉದ್ದದ ಬಿರುಕು. ಎಂಟು ತಿಂಗಳು ಅದು ಲಾವಾ ಕಾರಿತು. ಅದರ ಗಂಧಕ, ಫ್ಲೋರಿನ್ ತುಂಬಿದ ಅನಿಲಗಳು ಹುಲ್ಲಿಗೆ ಇಳಿದು ಮೊದಲು ದನ ಕುರಿ ಸತ್ತವು, ಆಮೇಲೆ ಬರ ಬಿದ್ದು ದ್ವೀಪದ ಐದರಲ್ಲಿ ಒಂದು ಪಾಲು ಜನ ಸತ್ತರು. ದಖ್ಖನ್ನಿನ ಕಪ್ಪು ಲಾವಾ ಶಿಲೆ ಬಸಾಲ್ಟ್ ಕೂಡ ಇಂಥ ಬಿರುಕುಗಳಿಂದಲೇ ಹರಿದು ಬಂದದ್ದು.

ಪದದ ಇನ್ನರ್ಧ ಮಾತ್ರ ಮೋಸಗಾರ. ಜ್ವಾಲಾಮುಖಿಯಲ್ಲಿ ಕಲ್ಲು ಉರಿಯುವುದಿಲ್ಲ. ಕೆಂಪಗೆ ಹೊಳೆಯುವುದು ಕರಗಿದ ಕಲ್ಲು, ಬಸಾಲ್ಟ್ ಆದರೆ ಸುಮಾರು 1,100ರಿಂದ 1,200 ಡಿಗ್ರಿ ಸೆಲ್ಸಿಯಸ್ ಬಿಸಿ. ಕಲ್ಲು ಉರಿಯದ ಮೇಲೆ ಬೂದಿ ಎಲ್ಲಿಂದ ಬರಬೇಕು? 'ಜ್ವಾಲಾಮುಖಿ ಬೂದಿ' ಒಲೆಯ ಬೂದಿಯಲ್ಲ, ಅದು ಹೆಚ್ಚಾಗಿ ಗಾಜು. ಶಿಲಾಪಾಕದಲ್ಲಿ ಕರಗಿಕೊಂಡಿದ್ದ ನೀರಾವಿ ಒತ್ತಡ ಇಳಿದ ಕೂಡಲೆ ನೊರೆಯೇಳುತ್ತದೆ, ಆ ನೊರೆಯ ಗುಳ್ಳೆಗಳು ಒಡೆದು ಗೋಡೆಗಳೆಲ್ಲ ಪುಡಿಯಾಗುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಾಗಿದ, ಚೂಪು ಅಂಚಿನ ಗಾಜಿನ ಚೂರುಗಳು. ಒಲೆಯ ಬೂದಿಗೆ ನೀರು ಹಾಕಿದರೆ ಕ್ಷಾರ ಬಿಡುತ್ತದೆ, ಬಳೆಗಾಜಿಗೆ ಉಜ್ಜಿದರೆ ಗೀರುವುದಿಲ್ಲ. ಜ್ವಾಲಾಮುಖಿಯದು ನೀರಿನಲ್ಲಿ ಕರಗದು, ಗಾಜನ್ನೂ ಗೀರುತ್ತದೆ, ನೆನೆದರೆ ವಿಪರೀತ ಭಾರ. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಟುಬೊ ಸಿಡಿದ ದಿನವೇ ಚಂಡಮಾರುತವೂ ಬಂದು ಬೂದಿ ನೆನೆಯಿತು. ಸಿಡಿತದ ಹೊತ್ತಿನಲ್ಲಿ ಸತ್ತವರಲ್ಲಿ ಹೆಚ್ಚಿನವರು ಲಾವಾಕ್ಕೆ ಸಿಕ್ಕವರಲ್ಲ, ಕುಸಿದ ಮಾಡಿನಡಿ ಸಿಕ್ಕವರು.

ಇತಿಹಾಸವನ್ನು ತಿರುಗಿಸಿದ್ದೂ ಜ್ವಾಲೆಯಲ್ಲ, ಹೊಗೆಯಂತೆ ಕಾಣುವ ಆ ಗಾಜು ಮತ್ತು ಗಂಧಕ. ಗಂಧಕದ ಡೈಆಕ್ಸೈಡ್ ವಾಯುಮಂಡಲದ ಮೇಲುಪದರ ಸೇರಿ ಆಮ್ಲದ ಸೂಕ್ಷ್ಮ ಹನಿಗಳಾಗಿ ಒಂದೆರಡು ವರ್ಷ ಬಿಸಿಲನ್ನು ತಡೆಯುತ್ತದೆ. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರ ಸಿಡಿಯಿತು. ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ, ಪೈರು ಕೊಳೆತು ಹಸಿವಿನ ಗಲಭೆಗಳಾದವು. ಅದಕ್ಕೂ ಬಹಳ ಹಿಂದೆ, ಸುಮಾರು 74,000 ವರ್ಷಗಳ ಕೆಳಗೆ, ಸುಮಾತ್ರದ ತೋಬಾ 2,500 ಘನ ಕಿಲೋಮೀಟರಿಗೂ ಹೆಚ್ಚು ಶಿಲಾಪಾಕವನ್ನು ಹೊರಚೆಲ್ಲಿ ಒಳಕ್ಕೆ ಕುಸಿಯಿತು. ಕುಸಿದ ಜಾಗ ಇಂದು 100 ಕಿಲೋಮೀಟರ್ ಉದ್ದದ ಸರೋವರ. ನಿಜವಾದ ಜ್ವಾಲಾಮುಖಿ ಸರೋವರ ನೋಡಬೇಕೆಂದರೆ ಅದನ್ನು ನೋಡಿ, ಅಯ್ಯನಕೆರೆಯನ್ನಲ್ಲ. ತೋಬಾದ ಬೂದಿ ಎರಡೂವರೆ ಸಾವಿರ ಕಿಲೋಮೀಟರ್ ದಾಟಿ ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂ ಎಂಬ ಹಳ್ಳಿಯಲ್ಲಿ ದಪ್ಪ ಪದರವಾಗಿ ಕೂತಿದೆ. ಹೆಸರಿನಲ್ಲಿ ಜ್ವಾಲೆ ಇದೆಯೆಂದು ಅಲ್ಲಿಯೂ ಜ್ವಾಲಾಮುಖಿ ಹುಡುಕಬೇಡಿ. ಆ ಪದರದ ಕೆಳಗೂ ಮೇಲೂ ಕಲ್ಲಿನ ಉಪಕರಣಗಳು ಸಿಕ್ಕಿವೆ, ಎರಡರ ಕೆತ್ತನೆಯ ರೀತಿಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ ಎಂದು 2007ರಲ್ಲಿ ಉತ್ಖನನಕಾರರು ಪ್ರಕಟಿಸಿದರು. ತೋಬಾದಿಂದ ಮನುಷ್ಯಕುಲವೇ ಅಳಿವಿನಂಚಿಗೆ ಬಂತು ಎಂಬ ವಾಟ್ಸಾಪ್ ಕಥೆಯನ್ನು ಮುಂದಕ್ಕೆ ತಳ್ಳುವ ಮೊದಲು ಈ ಕಲ್ಲುಗಳನ್ನು ನೆನೆಯಬೇಕು.

ಈಗ ನಮ್ಮ ಬೆಟ್ಟ. ಮುಳ್ಳಯ್ಯನಗಿರಿ ಇರುವ ಚಂದ್ರದ್ರೋಣ ಸಾಲು ನಕಾಶೆಯಲ್ಲಿ ಲಾಳದ ಆಕಾರದಲ್ಲಿದೆ, ವಾಯವ್ಯಕ್ಕೆ ಬಾಯಿ, ಒಳಗೆ ಜಾಗರ ಕಣಿವೆ, ಸೋಮವಾಹಿನಿ ಅಲ್ಲಿಂದ ಇಳಿದು ಭದ್ರೆಗೆ ಸೇರುತ್ತದೆ. ಉಪಗ್ರಹ ಚಿತ್ರದಲ್ಲಿ ಈ ಲಾಳ ಕಂಡದ್ದೇ ತಡ, ಜ್ವಾಲಾಮುಖಿಯ ಬಾಯಿ ಎಂದುಬಿಟ್ಟರು. ಇದು ಮಡಿಕೆ. ಸಮತಟ್ಟಾಗಿ ಹಾಸಿದ್ದ ಪದರಗಳು, ಜಮಖಾನವನ್ನು ಪಕ್ಕದಿಂದ ಒತ್ತಿದಾಗ ಸುಕ್ಕೇಳುವಂತೆ, ಭೂಚಿಪ್ಪಿನ ಒತ್ತಡಕ್ಕೆ ಬಾಗಿ ತೊಟ್ಟಿಯಾದವು. ತೊಟ್ಟಿಯ ಗಟ್ಟಿ ಪದರದ ಅಂಚು ಸವೆಯದೆ ಏಣಾಗಿ ಉಳಿಯಿತು, ಮೆತ್ತನೆಯದು ಕೊಚ್ಚಿಹೋಗಿ ಕಣಿವೆಯಾಯಿತು. ಹಳೆಯ ಹೆಸರೇ ಇದನ್ನು ಚೆನ್ನಾಗಿ ಹೇಳುತ್ತದೆ. ಸಂಸ್ಕೃತದ ದ್ರೋಣ, ದ್ರೋಣಿಗಳಿಗೆ ತೊಟ್ಟಿ, ಕಣಿವೆ ಎಂಬ ಅರ್ಥಗಳಿವೆ. ಸಂಜೀವಿನಿಯ ಸ್ಥಳಪುರಾಣ ಅದರ ಪಾಡಿಗೆ ಅದಿರಲಿ, ಅರ್ಧಚಂದ್ರದ ತೊಟ್ಟಿ ಎಂದು ಓದಿಕೊಂಡರೆ ನಕಾಶೆಗೂ ಹೊಂದುತ್ತದೆ.

ಹಾಗಾದರೆ ಇಲ್ಲಿ ಲಾವಾ ಹರಿಯಲೇ ಇಲ್ಲವೆ? ಹರಿದಿದೆ, ಧಾರಾಳವಾಗಿ. ಈ ಸಾಲಿನ ಕಲ್ಲುಗಳಿಗೆ ಭೂವಿಜ್ಞಾನಿಗಳು ಬಾಬಾಬುಡನ್ ಶಿಲಾಸಮೂಹ ಎನ್ನುತ್ತಾರೆ. ಅದರ ಕೆಳ ಪದರಗಳಲ್ಲಿ ಬಸಾಲ್ಟ್ ತುಂಬಿದೆ, ಅದು ಸುಮಾರು 290 ಕೋಟಿ ವರ್ಷ ಹಳತು. ಕಳಸಾಪುರ, ಅಲ್ಲಂಪುರ, ಸಂತವೇರಿ, ಮುಳ್ಳಯ್ಯನಗಿರಿ ಎಂದು ನಮ್ಮೂರ ಹೆಸರುಗಳನ್ನೇ ಭೂವಿಜ್ಞಾನಿಗಳು ಕೆಳಗಿನಿಂದ ಮೇಲಿನ ಪದರಗಳಿಗೆ ಇಟ್ಟಿದ್ದಾರೆ. ತುತ್ತತುದಿಯದು, ನೀವು ಸೆಲ್ಫಿ ತೆಗೆದುಕೊಳ್ಳುವ ಕಲ್ಲು, ಲಾವಾ ಅಲ್ಲವೇ ಅಲ್ಲ. ಕಡಲಡಿಯಲ್ಲಿ ಕಬ್ಬಿಣ ಮತ್ತು ಸಿಲಿಕ ಪಟ್ಟೆಪಟ್ಟೆಯಾಗಿ ಇಳಿದು ಗಟ್ಟಿಯಾದದ್ದು. ಆ ಪಟ್ಟೆಗಳ ನಡುವೆ ಸಿಕ್ಕಿಬಿದ್ದ ಜ್ವಾಲಾಮುಖಿ ಬೂದಿಯ ಜಿರ್ಕಾನ್ ಎಂಬ ಖನಿಜದ ಹರಳುಗಳಿಂದಲೇ ಅದಕ್ಕೆ ಸುಮಾರು 272 ಕೋಟಿ ವರ್ಷ ಎಂದು ಲೆಕ್ಕ ಹಾಕಿದ್ದು. ಅಂದರೆ ಕರ್ನಾಟಕದ ಅತಿ ಎತ್ತರದ ಶಿಖರ, 1,930 ಮೀಟರ್, ಒಂದು ಹಳೆಯ ಕಡಲತಳ. ಇದು ಆರಿಹೋದ ಜ್ವಾಲಾಮುಖಿಗಿಂತ ಏನು ಕಮ್ಮಿ ಸೋಜಿಗ? ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯ ಕುಲುಮೆಗೆ ಹೋದ ಅದಿರು ಇದೇ ಪಟ್ಟೆಕಲ್ಲಿನ ಸಂತತಿ. ಆ ಊರಿನ 'ಗುಂಡಿ'ಯನ್ನೂ ಜ್ವಾಲಾಮುಖಿ ಕುಂಡ ಎಂದವರಿದ್ದಾರೆ!

ಆರಿದ, ನಂದಿದ, ಮೃತ ಎಂಬ ವಿಶೇಷಣಗಳು ಸಲ್ಲುವುದು ಕೊಳವೆ, ಬಾಯಿ, ಸುತ್ತ ಪೇರಿದ ರಾಶಿ ಇವುಗಳ ಗುರುತಾದರೂ ಉಳಿದಿರುವ ಕಡೆ. ಚಂದ್ರದ್ರೋಣದ ಲಾವಾ ಕಾರಿದ ಬಾಯಿಗಳು ಸವೆದು, ಹೂತು, ಮಡಚಿ ಕಾಲವಾಯಿತು. ಬೆಟ್ಟದ ಇಂದಿನ ಎತ್ತರ, ಘಟ್ಟದ ಕಡಿದಾದ ಗೋಡೆ ಎಲ್ಲವೂ ತೀರ ಈಚಿನವು, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಬಳಿಕದ ಕಥೆ. ಹೇಳಲೇಬೇಕಿದ್ದರೆ 'ರೂಪಾಂತರಗೊಂಡ ಲಾವಾ ಶಿಲೆ' ಎನ್ನಿ. ಅದು ಕಲ್ಲಿನ ಹೆಸರು, ಬೆಟ್ಟದ್ದಲ್ಲ.

ತೂತು ಕಲ್ಲನ್ನು ಎತ್ತಿ ತೋರಿಸಿ ವಾದಿಸುವವರಿಗಾಗಿ ಸ್ವಲ್ಪ ವಿವರ. ಆ ಕಲ್ಲು ನೂರಕ್ಕೆ ತೊಂಬತ್ತು ಸಲ ಜಂಬಿಟ್ಟಿಗೆ. ಕರಾವಳಿಯವರ ಮುರಕಲ್ಲು. ಜೋರು ಮಳೆ, ಆಮೇಲೆ ಒಣ ಹವೆ, ಹೀಗೆ ಲಕ್ಷಾಂತರ ವರ್ಷ ನಡೆದಾಗ ಬಂಡೆಯ ಸಿಲಿಕ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿಯುತ್ತವೆ. ಬೆಂಕಿಯಲ್ಲ, ನೀರು ಮಾಡಿದ ಕೆಲಸ. ನೆಲದಿಂದ ತೆಗೆದಾಗ ಗರಗಸಕ್ಕೆ ಬಗ್ಗುತ್ತದೆ, ಗಾಳಿಗೆ ಗಟ್ಟಿಯಾಗುತ್ತದೆ. ಅದಕ್ಕೇ ನಮ್ಮ ಪದದೊಳಗೆ ಇಟ್ಟಿಗೆ ಕೂತಿದೆ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಕೊಟ್ಟ ಲ್ಯಾಟರೈಟ್ ಎಂಬ ಹೆಸರಿನ ಮೂಲವೂ ಲ್ಯಾಟಿನ್ನಿನ ಇಟ್ಟಿಗೆಯೇ. ಜಂಬಿಟ್ಟಿಗೆಯ ತೂತುಗಳು ಅಂಕುಡೊಂಕಾದ ಕೊಳವೆಗಳು, ಒಂದಕ್ಕೊಂದು ಸೇರಿರುತ್ತವೆ, ಒಳಗೆ ಹಳದಿ ಜೇಡಿ. ಲಾವಾದ ಗುಳ್ಳೆಗಳು ಬೇರೆಬೇರೆಯಾಗಿ, ದುಂಡಗೆ ಅಥವಾ ಹರಿದ ದಿಕ್ಕಿಗೆ ಎಳೆದಂತೆ ಅಂಡಾಕಾರವಾಗಿರುತ್ತವೆ. ಮುಖ್ಯ ಮಾತು ಇನ್ನೊಂದಿದೆ. 290 ಕೋಟಿ ವರ್ಷದ ಲಾವಾದಲ್ಲಿ ಗುಳ್ಳೆ ಖಾಲಿ ಉಳಿಯುವುದಿಲ್ಲ. ಕ್ವಾರ್ಟ್ಸ್, ಕ್ಯಾಲ್ಸೈಟ್ ತುಂಬಿಕೊಂಡು ಹಸಿರುಗಪ್ಪು ಕಲ್ಲಿನ ಮೇಲೆ ಬಿಳಿ ಚುಕ್ಕೆಯಾಗುತ್ತದೆ. ಹಾಗಾಗಿ ನಮ್ಮ ಸೀಮೆಯಲ್ಲಿ ತೂತು ಕಂಡರೆ ಅದು ಬಹುಮಟ್ಟಿಗೆ ಲಾವಾ ಅಲ್ಲ ಎಂಬುದಕ್ಕೇ ಸಾಕ್ಷಿ. ಪಟ್ಟೆಕಲ್ಲಿಗೆ ಪರೀಕ್ಷೆ ಇನ್ನೂ ಸುಲಭ: ಗಾತ್ರಕ್ಕೆ ಮೀರಿದ ಭಾರ, ಅಯಸ್ಕಾಂತ ಹಿಡಿದರೆ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜ ಇರುವ ಪಟ್ಟೆಗೆ ಕಚ್ಚುತ್ತದೆ. ಹೆಮಟೈಟ್ ಪಟ್ಟೆಗೆ ಕಚ್ಚದು, ಅಷ್ಟಕ್ಕೇ ಕಬ್ಬಿಣವಲ್ಲ ಎಂದು ಎಸೆಯಬೇಡಿ.

ಹಾಸನದ ಕಡೆ ಗೊಂದಲ ಬೇರೆ ತರಹದ್ದು. ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ತಣಿದ ಲಾವಾ ಎನ್ನುತ್ತಾರೆ. ಅದು ಗ್ರಾನೈಟ್. ಶಿಲಾಪಾಕ ನೆಲದಾಳದಲ್ಲೇ ನಿಧಾನ ತಣಿದಾಗ ಹರಳುಗಳು ಕಣ್ಣಿಗೆ ಕಾಣುವಷ್ಟು ಬೆಳೆದು ಗ್ರಾನೈಟ್ ಆಗುತ್ತದೆ. ಬಾಯಿಗೆ ಬರದ ಶಿಲಾಪಾಕಕ್ಕೆ ಲಾವಾ ಎನ್ನುವುದಿಲ್ಲ. ಗೊರೂರು ಸುತ್ತಿನ ಗ್ನೈಸ್, ಬಿಸಿ ಒತ್ತಡಗಳಿಗೆ ರೂಪಾಂತರಗೊಂಡ ಶಿಲೆ, ಇನ್ನೂ ಹಳತು, ಸುಮಾರು 330 ಕೋಟಿ ವರ್ಷ. ಜ್ವಾಲಾಮುಖಿಯ ನಂಟು ಹುಡುಕುವವರು ಯಾರೂ ನೋಡದ ಕಡೆ ನೋಡಬೇಕು: ಬೇಲೂರು ಹಳೇಬೀಡಿನ ಗೋಡೆಗಳಲ್ಲಿ. ಹೊಯ್ಸಳರ ಬಳಪದ ಕಲ್ಲು ಕ್ಲೋರೈಟ್, ಟಾಲ್ಕ್ ತುಂಬಿದ ಶಿಲೆ. ಮೆಗ್ನೀಷಿಯಂ ಹೇರಳವಾಗಿರುವ ಹಳೆಯ ಲಾವಾ ಮತ್ತು ಶಿಲಾಪಾಕದ ಕಲ್ಲುಗಳು ಬಿಸಿನೀರು, ಒತ್ತಡಗಳಿಗೆ ಸಿಕ್ಕಿ ಹೀಗೆ ಮೆತ್ತಗಾಗುತ್ತವೆ. ಟಾಲ್ಕ್ ಉಗುರಿನಿಂದಲೂ ಗೀರಬಹುದಾದ ಖನಿಜ. ಉಳಿಗೆ ಇಂಥ ಕಲ್ಲು ಸಿಕ್ಕದಿದ್ದರೆ ಮದನಿಕೆಯರ ಬಳೆ, ಜಾಲರಿಗಳು ಆಗುತ್ತಿರಲಿಲ್ಲ. ಗೊಮ್ಮಟನ ಗ್ರಾನೈಟಿನಲ್ಲಿ ಅಂಥ ಕೆತ್ತನೆ ಇಲ್ಲದಿರುವುದಕ್ಕೂ ಕಾರಣ ಇದೇ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಪಟ್ಟಿಯ ಕ್ರೋಮೈಟ್ ಅದಿರೂ ಇದೇ ಬಳಗದ್ದು.

ಇನ್ನು ಕಾಫಿ ಪೊಟ್ಟಣ. ಜಾವಾ, ಹವಾಯಿಯ ಕೋನಾ, ಗ್ವಾಟೆಮಾಲದ ಅಂತಿಗುವಾಗಳಲ್ಲಿ ಜ್ವಾಲಾಮುಖಿ ಮಣ್ಣು ಎಂದರೆ ಈಚಿನ ಬೂದಿ, ಲಾವಾ ಕೊಳೆತದ್ದು, ಸುಣ್ಣಾಂಶ ಪೊಟ್ಯಾಷ್ ಇನ್ನೂ ತೊಳೆದುಹೋಗದ್ದು. ನಮ್ಮದು ಗ್ನೈಸ್, ಪದರಶಿಲೆಗಳು ಯುಗಗಟ್ಟಲೆ ಮಳೆಗೆ ತೊಳೆದು ಉಳಿದ ಆಮ್ಲಗುಣದ ಕೆಂಪುಮಣ್ಣು. ಇದರಲ್ಲಿ ಹಾಕಿದ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಂಡು ಗಿಡಕ್ಕೆ ಬಿಡುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ರಸಸಾರ (pH) 6ಕ್ಕಿಂತ ಕೆಳಗಿಳಿದಿದ್ದರೆ ಸುಣ್ಣ ಅಥವಾ ಡಾಲಮೈಟ್ ಹಾಕುವ ಪದ್ಧತಿ ಇರುವುದು ಅದಕ್ಕೇ. ರಸಗೊಬ್ಬರಕ್ಕೂ ಸುಣ್ಣಕ್ಕೂ ಕೆಲವು ವಾರಗಳ ಅಂತರ ಬಿಡಬೇಕು. ಯೂರಿಯಾ, ಅಮೋನಿಯಂ ಗೊಬ್ಬರದ ಜೊತೆಗೇ ಸುಣ್ಣ ಎರಚಿದರೆ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ. ಪೊಟ್ಟಣದ ಮಾತು ನಂಬಿ ಸುಣ್ಣ ಹಾಕದೆ ಬಿಟ್ಟ ತೋಟದ ಗಿಡಗಳೇ ಉಳಿದ ಉತ್ತರ ಹೇಳುತ್ತವೆ.

ಪದವನ್ನು ಸರಿಯಾಗಿ ಬಳಸಲು ಜಾಗಗಳೇನೂ ಕಡಿಮೆಯಿಲ್ಲ. ಮಲ್ಪೆಯ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳು ತಣಿಯುವಾಗ ಕುಗ್ಗಿ ಸೀಳಿದ ಲಾವಾ, ಮಡಗಾಸ್ಕರ್ ಬಿಟ್ಟುಹೋದ ಕಾಲದ್ದು. ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ನೀರಿನಡಿ ಉಕ್ಕಿ ದಿಂಬುಗಳಾಗಿ ಗಟ್ಟಿಯಾದ ಲಾವಾ ಇದೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಿನ ಎರೆಭೂಮಿಯಡಿ ಸುಮಾರು 6.6 ಕೋಟಿ ವರ್ಷದ ದಖ್ಖನ್ ಬಸಾಲ್ಟ್ ಹಾಸಿದೆ, ಅದು ನಮ್ಮ ಚಿಕ್ಕಮಗಳೂರು, ಹಾಸನ ಜಿಲ್ಲೆಗಳವರೆಗೆ ಬಂದಿಲ್ಲ. ಇವೆಲ್ಲ ಲಾವಾ, ಬಾಯಿ ಇಲ್ಲೂ ಉಳಿದಿಲ್ಲ. ಬಾಯಿಯೂ ಇದ್ದು ಈಗಲೂ ಕಾರುವ ಜ್ವಾಲಾಮುಖಿ ಭಾರತದಲ್ಲಿ ಒಂದೇ, ಅಂಡಮಾನಿನ ಬ್ಯಾರನ್ ದ್ವೀಪ. ಒಂದೂವರೆ ಶತಮಾನ ಸುಮ್ಮನಿದ್ದದ್ದು 1991ರಲ್ಲಿ ಮತ್ತೆ ಎದ್ದಿತು. ಅಲ್ಲಿ ಜನವಸತಿಯಿಲ್ಲ, ಹೋಂಸ್ಟೇಯೂ ಇಲ್ಲ.