ಹಾಡಿನೊಳಗೆ ಸಿಕ್ಕ ಊರು

ಅಮೆರಿಕದ ಜನಪದ ಹಾಡುಗಾರ ಮಿಸಿಸಿಪಿ ಜಾನ್ ಹರ್ಟ್ ಅವರ ಮೊದಲ ಗ್ರಾಮಫೋನ್ ತಟ್ಟೆ ಹೊರಬಂದದ್ದು 1928ರಲ್ಲಿ. ಅದರ ಹಕ್ಕುಸ್ವಾಮ್ಯ ಮುಗಿದು ಅಮೆರಿಕದಲ್ಲಿ ಅದು ಎಲ್ಲರ ಸ್ವತ್ತಾಗುವುದು 2029ರ ಜನವರಿ 1ರಂದು. ಅಷ್ಟರಲ್ಲಿ ಹಾಡಿದವರು ತೀರಿಕೊಂಡು 62 ವರ್ಷ ಕಳೆದಿರುತ್ತದೆ. ಹಳೆಯ ಜನಪದ ತಟ್ಟೆಗಳು ಮತ್ತೆ ಬೆಳಕಿಗೆ ಬಂದಾಗಲೆಲ್ಲ ಒಂದು ಜಗಳವೂ ಜೊತೆಗೆ ಬರುತ್ತದೆ. ಈ ಹಾಡು ಹಾಡಿದವರದೇ, ಮುದ್ರಿಸಿದ ಕಂಪನಿಯದೇ, ಹುಡುಕಿ ತೆಗೆದವರದೇ? ಆ ಜಗಳದ ಎಲ್ಲ ಎಳೆಗಳೂ ಹರ್ಟ್ ಅವರ ಕಥೆಯಲ್ಲಿವೆ.

ಮೊದಲು ತಟ್ಟೆಯ ಮಾತು. ಹತ್ತು ಇಂಚಿನ, ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷದ ಹಾಡು. ಕಲ್ಲಿನ ಪುಡಿ, ಕಾಡಿಗೆಗಳನ್ನು ಅರಗಿನಲ್ಲಿ ಕಲಸಿ, ಬಿಸಿ ಮಾಡಿ ಒತ್ತಿದರೆ ತಟ್ಟೆ. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವ ಅದೇ ಅರಗು. ಜಗತ್ತಿಗೆ ಅದು ಹೆಚ್ಚಾಗಿ ಹೋಗುತ್ತಿದ್ದದ್ದು ಭಾರತದಿಂದ. ಎರಡನೆಯ ಮಹಾಯುದ್ಧದಲ್ಲಿ ಅರಗಿನ ಸರಬರಾಜು ಕುಸಿದಾಗ ಅಮೆರಿಕದಲ್ಲಿ ಮನೆಮನೆಯಿಂದ ಹಳೆಯ ತಟ್ಟೆಗಳನ್ನು ಕೂಡಿಸಿ, ಪುಡಿ ಮಾಡಿ, ಹೊಸ ತಟ್ಟೆಗಳಿಗೆ ಬಳಸಿದರು. ಆ ಪುಡಿಯಲ್ಲಿ ಯಾರ ಯಾರ ಹಾಡುಗಳಿದ್ದವೋ.

ಹರ್ಟ್ ಮಿಸಿಸಿಪಿ ರಾಜ್ಯದ ಅವಲಾನ್ ಎಂಬ ಪುಟ್ಟ ಊರಿನ ಕಪ್ಪು ರೈತ. ಗಿಟಾರನ್ನು ಯಾರಿಂದಲೂ ಹೇಳಿಸಿಕೊಳ್ಳದೆ ತಾವೇ ಕಲಿತವರು. ಹೆಬ್ಬೆರಳಿನಲ್ಲಿ ತಾಳ ಹಿಡಿದು ಉಳಿದ ಬೆರಳುಗಳಲ್ಲಿ ರಾಗ ನುಡಿಸುವ ಅವರ ವಾದನ ಕೇಳಿದವರಿಗೆ ಇಬ್ಬರು ಕೂತು ನುಡಿಸಿದಂತೆ ಅನ್ನಿಸುತ್ತದೆ. ನೆರೆಯ ಬಿಳಿಯ ಪಿಟೀಲುವಾದಕನೊಬ್ಬ ಓಕೆ ಎಂಬ ಗ್ರಾಮಫೋನ್ ಕಂಪನಿಗೆ ಅವರ ಹೆಸರು ಹೇಳಿದ. 1928ರ ಫೆಬ್ರವರಿಯಲ್ಲಿ ಮೆಂಫಿಸ್ ನಗರದಲ್ಲಿ ಮೊದಲ ಧ್ವನಿಮುದ್ರಣ ನಡೆಯಿತು. ಮೈಕನ್ನು ಬಾಯಿಗೆ ತಾಗುವಷ್ಟು ಹತ್ತಿರ ತಂದು, ತಲೆ ಅಲುಗಿಸಕೂಡದೆಂದು ಹೇಳಿದರಂತೆ. ಹೆದರಿಕೆಯಿಂದ ಬಿಗಿಹಿಡಿದ ಕತ್ತು ಎಷ್ಟೋ ದಿನ ನೋಯುತ್ತಿತ್ತೆಂದು ಹರ್ಟ್ ಮುಂದೆ ನೆನೆದಿದ್ದರು. ಡಿಸೆಂಬರಿನಲ್ಲಿ ನ್ಯೂಯಾರ್ಕಿಗೆ ಕರೆಸಿಕೊಂಡರು. ಆ ದೊಡ್ಡ ನಗರದ ಚಳಿಯಲ್ಲಿ ಊರಿನ ನೆನಪು ಕಾಡಿ, ಬ್ಲೂಸ್ ಎಂಬ ಕಪ್ಪು ಜನರ ಹಾಡಿನ ಧಾಟಿಯಲ್ಲಿ ಕಟ್ಟಿದ ಹಾಡು ‘ಅವಲಾನ್ ಬ್ಲೂಸ್’. ತನ್ನ ಊರು ಅವಲಾನ್, ಮನಸ್ಸು ಸದಾ ಅಲ್ಲೇ ಎಂದು ಅದರಲ್ಲಿ ಹೇಳಿಕೊಂಡರು. ಒಟ್ಟು ಹನ್ನೆರಡು ಹಾಡುಗಳು ತಟ್ಟೆಯಾಗಿ ಬಂದವು. ಹೆಸರಿನ ಹಿಂದಿನ ‘ಮಿಸಿಸಿಪಿ’ ಕೂಡ ಕಂಪನಿ ಮಾರಾಟಕ್ಕೆಂದು ಅಂಟಿಸಿದ್ದೇ.

ಮುಂದಿನ ವರ್ಷ ಆರ್ಥಿಕ ಕುಸಿತ ಬಂತು, ತಟ್ಟೆಯ ವ್ಯಾಪಾರ ನೆಲಕಚ್ಚಿತು, ಹರ್ಟ್ ಹೊಲಕ್ಕೆ ಮರಳಿ ಮೂವತ್ತನಾಲ್ಕು ವರ್ಷ ಅಲ್ಲೇ ದುಡಿದರು.

ಅಷ್ಟರಲ್ಲಿ 1952ರಲ್ಲಿ ಹ್ಯಾರಿ ಸ್ಮಿತ್ ಎಂಬ ಕಲಾವಿದ ತನ್ನ ಸಂಗ್ರಹದಿಂದ 84 ಹಳೆಯ ಧ್ವನಿಮುದ್ರಣಗಳನ್ನು ಆರಿಸಿ, ಫೋಕ್‌ವೇಸ್ ಎಂಬ ಧ್ವನಿಮುದ್ರಣ ಸಂಸ್ಥೆಯ ಮೂಲಕ ಆರು ಎಲ್‌ಪಿಗಳ (ಹೆಚ್ಚು ಹೊತ್ತು ನುಡಿಯುವ ತಟ್ಟೆಗಳ) ಸಂಕಲನವಾಗಿ ತಂದ. ಹರ್ಟ್ ಅವರ ಎರಡು ಹಾಡುಗಳು ಅದರಲ್ಲಿದ್ದವು. ಮೊದಲು ಕಂಪನಿಗಳು ಕಪ್ಪು ಜನರ ಹಾಡಿಗೊಂದು, ಬಿಳಿಯರ ಹಾಡಿಗೊಂದು ಬೇರೆ ಪಟ್ಟಿ ಇಟ್ಟಿದ್ದವು. ಸ್ಮಿತ್ ಯಾರ ಬಣ್ಣವನ್ನೂ ಬರೆಯಲಿಲ್ಲ. ಹರ್ಟ್ ಬೆಟ್ಟಸೀಮೆಯ ಬಿಳಿಯನೆಂದು ನಂಬಿದವರು ವರ್ಷಗಟ್ಟಲೆ ಇದ್ದರು. ಆ ಸಂಕಲನ ಬಂದದ್ದು ಹಳೆಯ ಕಂಪನಿಗಳ ಅನುಮತಿ ಇಲ್ಲದೆ. ಅನುಮತಿಗೆ ಕಾದಿದ್ದರೆ ಬರುತ್ತಲೇ ಇರಲಿಲ್ಲ ಎನ್ನುವುದು ನನ್ನ ಖಚಿತ ನಂಬಿಕೆ.

1963ರಲ್ಲಿ ‘ಅವಲಾನ್ ಬ್ಲೂಸ್’ನ ಟೇಪ್ ಪ್ರತಿಯೊಂದು ಆಸ್ಟ್ರೇಲಿಯಾದ ಸಂಗ್ರಾಹಕರಿಂದ ವಾಷಿಂಗ್ಟನ್ನಿನ ಹಾಡುಪ್ರಿಯರ ಕೈಸೇರಿತು. ಟಾಮ್ ಹಾಸ್ಕಿನ್ಸ್ ಎಂಬ ಯುವಕನ ಕಿವಿ ಊರಿನ ಹೆಸರಿಗೆ ತಗುಲಿಕೊಂಡಿತು. ಹೊಸ ನಕಾಶೆಗಳಲ್ಲಿ ಊರು ಸಿಗಲಿಲ್ಲ. 1878ರ ಅಟ್ಲಾಸಿನಲ್ಲಿ ಗ್ರೀನ್‌ವುಡ್ ಮತ್ತು ಗ್ರೆನೇಡಾ ನಡುವೆ ಅವಲಾನ್ ಎಂಬ ಚುಕ್ಕೆ ಇತ್ತು. ಆತ ಕಾರು ಹತ್ತಿದ. ಊರೆಂದರೆ ಒಂದು ಅಂಗಡಿ. ಜಾನ್ ಹರ್ಟ್ ಗೊತ್ತೇ ಎಂದು ಅಲ್ಲಿದ್ದವರನ್ನು ಕೇಳಿದ. ಗುಡ್ಡ ಹತ್ತಿದರೆ ಮೂರನೆಯ ಅಂಚೆಪೆಟ್ಟಿಗೆ, ಅದೇ ಮನೆ ಎಂದು ದಾರಿ ತೋರಿಸಿದರು. ಲೋಕ ಮರೆತವನ ವಿಳಾಸ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಎಪ್ಪತ್ತರ ಆಸುಪಾಸಿನ ಹರ್ಟ್ ಹೆದರಿದರು. ಹತ್ತಿರದ ಗ್ರೀನ್‌ವುಡ್‌ನಲ್ಲಿ ಆಗ ಕಪ್ಪು ಜನರ ಮತದ ಹಕ್ಕಿಗಾಗಿ ಹೋರಾಟ ನಡೆಯುತ್ತಿತ್ತು. ಮನೆಬಾಗಿಲಿಗೆ ಬಂದ ಅಪರಿಚಿತ ಬಿಳಿಯ ಕೇಂದ್ರದ ತನಿಖಾ ಸಂಸ್ಥೆ ಎಫ್‌ಬಿಐನವನಿರಬೇಕೆಂದು ಅವರಿಗನ್ನಿಸಿತು. ಮನೆಯಲ್ಲಿ ಅವರದೆನ್ನುವ ಗಿಟಾರ್ ಇರಲಿಲ್ಲ. ಬಂದವನ ಗಿಟಾರನ್ನೇ ತೊಡೆಯ ಮೇಲಿಟ್ಟು ನುಡಿಸಿದರು. ಬೆರಳು ಮರೆತಿರಲಿಲ್ಲ. ಅದೇ ಜುಲೈನಲ್ಲಿ ನ್ಯೂಪೋರ್ಟ್ ಜನಪದ ಉತ್ಸವದ ವೇದಿಕೆ ಹತ್ತಿದರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅವರ ಹಾಡುಗಳನ್ನು ಮುದ್ರಿಸಿಕೊಂಡಿತು. ಹೀಗೆ ಸಿಕ್ಕ ಹೊಸ ಬದುಕು ಮೂರೇ ವರ್ಷದ್ದು. 1966ರ ನವೆಂಬರ್ 2ರಂದು ತೀರಿಕೊಂಡರು.

ಆಮೇಲೆ ಉಳಿದದ್ದು ಕಾಗದಪತ್ರ. ಹುಡುಕಿದವರೊಂದಿಗೆ ಮಾಡಿಕೊಂಡ ಒಪ್ಪಂದ, ಹೊಸ ಧ್ವನಿಮುದ್ರಣಗಳ ರಾಯಧನ, ಎಲ್ಲವೂ ನ್ಯಾಯಾಲಯದ ಮೆಟ್ಟಿಲೇರಿದವು. ಹುಡುಕದಿದ್ದರೆ ಹಾಡೇ ಇಲ್ಲ, ನಿಜ. ಆದರೆ ಹುಡುಕಿದ್ದಕ್ಕೆ ಸಲ್ಲುವ ಪಾಲು ಹಾಡಿದ್ದಕ್ಕೆ ಸಲ್ಲುವ ಪಾಲಿನ ಸಮಕ್ಕೆ ನಿಲ್ಲಬೇಕೆ ಎಂದು ಹರ್ಟ್ ಅವರ ದನಿ ಕೇಳಿದಾಗಲೆಲ್ಲ ನಾನು ಕೇಳಿಕೊಳ್ಳುತ್ತೇನೆ.

ಕಾನೂನು ಈ ಗಂಟನ್ನು ಇನ್ನಷ್ಟು ಬಿಗಿದಿತ್ತು. ಅಮೆರಿಕದಲ್ಲಿ 1972ಕ್ಕಿಂತ ಹಿಂದಿನ ಧ್ವನಿಮುದ್ರಣಗಳು ಬಹುಕಾಲ ಒಕ್ಕೂಟದ ಹಕ್ಕುಸ್ವಾಮ್ಯ ಕಾಯ್ದೆಯ ಹೊರಗಿದ್ದವು, ರಾಜ್ಯಕ್ಕೊಂದು ನಿಯಮ. 1890ರಿಂದ 1964ರವರೆಗಿನ ಮಹತ್ವದ ಧ್ವನಿಮುದ್ರಣಗಳಲ್ಲಿ ಹಕ್ಕುದಾರ ಕಂಪನಿಗಳು ಮಾರುಕಟ್ಟೆಯಲ್ಲಿ ಇಟ್ಟಿರುವುದು ಶೇ 14 ಮಾತ್ರ ಎಂದು 2005ರ ಸಮೀಕ್ಷೆ ತೋರಿಸಿತು. ಹಕ್ಕಿಲ್ಲದವರು ಹೊರತಂದದ್ದು ಶೇ 22. 2018ರ ಕಾಯ್ದೆಯಿಂದ 1923–46ರ ತಟ್ಟೆಗಳಿಗೆ ನೂರು ವರ್ಷದ ಗಡುವು ಬಂತು. ಆದರೂ 78ರ ತಟ್ಟೆಗಳನ್ನು ಡಿಜಿಟಲ್ ಮಾಡಿ ಉಚಿತವಾಗಿ ಕೇಳಿಸುತ್ತಿದ್ದ ಇಂಟರ್ನೆಟ್ ಆರ್ಕೈವ್ ಎಂಬ ಡಿಜಿಟಲ್ ಗ್ರಂಥಾಲಯದ ಮೇಲೆ 2023ರಲ್ಲಿ ದೊಡ್ಡ ಕಂಪನಿಗಳು ಮೊಕದ್ದಮೆ ಹೂಡಿದವು. 2025ರಲ್ಲಿ ರಾಜಿಯಾಯಿತು.

ಭಾರತದ ಕಾನೂನು ಇದಕ್ಕಿಂತ ಉದಾರ: ಧ್ವನಿಮುದ್ರಣ ಪ್ರಕಟವಾಗಿ 60 ವರ್ಷಕ್ಕೆ ಅದರ ಹಕ್ಕು ಮುಗಿಯುತ್ತದೆ. ಕನ್ನಡದ ಹಳೆಯ ನಾಟಕದ ಹಾಡುಗಳ ತಟ್ಟೆಗಳನ್ನು ಯಾರಾದರೂ ಕೇಳಿಸುವುದಕ್ಕೆ ತಟ್ಟೆಯ ಹಕ್ಕು ಅಡ್ಡಬರುವುದಿಲ್ಲ. ಅಡ್ಡಬರುವುದು ಅಟ್ಟದ ಮೇಲಿನ ಬಿಸಿಲು. ಸೆಕೆಗೆ ಅರಗು ಸೊಟ್ಟಗಾಗುತ್ತದೆ, ಕೈಜಾರಿದರೆ ಬಳೆಯಂತೆ ಒಡೆಯುತ್ತದೆ. ಮನೆಯಲ್ಲಿ ಅಂಥ ತಟ್ಟೆ ಇದ್ದವರು ಒಂದರ ಮೇಲೊಂದು ಪೇರಿಸದೆ, ನೆಟ್ಟಗೆ ನಿಲ್ಲಿಸಿ, ಬಿಸಿಲಿನಿಂದ ದೂರ ಇಡಬೇಕು. ಅದರ ಚೀಟಿಯ ಫೋಟೊವನ್ನಾದರೂ ಇಂದೇ ತೆಗೆದಿಟ್ಟುಕೊಳ್ಳಬೇಕು.

ಅವಲಾನ್‌ನಲ್ಲಿ ಹರ್ಟ್ ಬಾಳಿದ ಮರದ ಪುಟ್ಟ ಮನೆಯನ್ನು ಕುಟುಂಬದವರು ವಸ್ತುಸಂಗ್ರಹಾಲಯವಾಗಿ ಕಾಪಾಡಿಕೊಂಡು ಬಂದಿದ್ದರು. 2024ರ ಫೆಬ್ರವರಿಯಲ್ಲಿ ಅದಕ್ಕೆ ಬೆಂಕಿ ಬಿತ್ತು. ಮನೆ ಉಳಿಯಲಿಲ್ಲ.