ಮೂವತ್ತು ಸೆಕೆಂಡಿಗೆ 720 ಫೋಟೊ ಬೇಕಾಗಿಲ್ಲ

ಪ್ರಶ್ನೆ: ಕಾಲೇಜಿನ ಪ್ರಾಜೆಕ್ಟಿಗಾಗಿ 30 ಸೆಕೆಂಡಿನ ಸ್ಟಾಪ್ ಮೋಷನ್ ಚಿತ್ರ (ಬೊಂಬೆಯನ್ನು ಸ್ವಲ್ಪಸ್ವಲ್ಪವೇ ಕದಲಿಸಿ, ಪ್ರತಿ ಸಲ ಫೋಟೊ ತೆಗೆದು ಜೋಡಿಸುವ ಚಿತ್ರ) ಮಾಡಬೇಕಾಗಿದೆ. ಸೆಕೆಂಡಿಗೆ 24ರಂತೆ 720 ಫೋಟೊ ತೆಗೆಯಲು ಎಷ್ಟು ದಿನ ಬೇಕು?

ಪ್ರಾಜೆಕ್ಟ್ ಸಲ್ಲಿಸುವ ದಿನ ಹತ್ತಿರವಾದಂತೆಲ್ಲ ಈ ಪ್ರಶ್ನೆ ಬರುತ್ತದೆ. ಒಬ್ಬರು 720 ಎಂದರೆ ಇನ್ನೊಬ್ಬರು 1,440 ಎನ್ನುತ್ತಾರೆ. ನನ್ನ ಉತ್ತರವಂತೂ ಬದಲಾಗಿಲ್ಲ. ನಿಮಗೆ ಬೇಕಾಗಿರುವುದು ಸುಮಾರು 360 ಫೋಟೊ. ಒಂದೊಂದಕ್ಕೆ ಎರಡು ನಿಮಿಷ ಹಿಡಿದರೂ ಅದು 12 ಗಂಟೆಯ ಕೆಲಸ. ಬೊಂಬೆ ಬೀಳುವುದು, ಮೇಜಿಗೆ ಯಾರೋ ಮೊಣಕೈ ತಾಗಿಸುವುದು, ಕರೆಂಟು ಹೋಗುವುದು ಎಲ್ಲವನ್ನೂ ಸೇರಿಸಿ ಮೂರು ದಿನ ಇಟ್ಟುಕೊಳ್ಳಿ.

ಇನ್ನು ಆ 24ರ ವಿಷಯ. ಸಿನಿಮಾ ಸೆಕೆಂಡಿಗೆ 24 ಫ್ರೇಮುಗಳಲ್ಲಿ, ಅಂದರೆ 24 ಬಿಡಿ ಚಿತ್ರಗಳಲ್ಲಿ, ಓಡುತ್ತದೆ, ಆದ್ದರಿಂದ ಬೊಂಬೆಯನ್ನೂ 24 ಸಲ ಕದಲಿಸಬೇಕು ಎಂಬ ಮಾತಿನಲ್ಲಿ ಮೊದಲರ್ಧ ಸರಿ, ಉಳಿದರ್ಧ ಅದರಿಂದ ಹುಟ್ಟುವುದೇ ಇಲ್ಲ. ಮೂಕಿ ಚಿತ್ರಗಳ ವೇಗ ಒಂದೊಂದು ಕಡೆ ಒಂದೊಂದು ಬಗೆಯಾಗಿತ್ತು. 1920ರ ದಶಕದ ಕೊನೆಗೆ ಟಾಕಿ ಬಂದು, ಧ್ವನಿ ಏರುಪೇರಾಗದಿರಲು ಸ್ಥಿರವಾದ ವೇಗ ಬೇಕಾದಾಗ 24 ನೆಲೆಯಾಯಿತು. ಅದು ಪರದೆಯ ಲೆಕ್ಕವೇ ಹೊರತು ಬೊಂಬೆಯ ಭಂಗಿಗಳ ಲೆಕ್ಕವಲ್ಲ. ಪ್ರತಿ ಫೋಟೊವನ್ನೂ ಎರಡೆರಡು ಫ್ರೇಮ್ ನಿಲ್ಲಿಸಿದರೆ ಸೆಕೆಂಡಿಗೆ 12 ಸಾಕು. ಈ ಕಸುಬಿನವರು ಇದನ್ನು 'ಟೂಸ್' ಎನ್ನುತ್ತಾರೆ; ಚಲನೆ ತೀರಾ ವೇಗವಾಗಿದ್ದಾಗ ಅಥವಾ ಕ್ಯಾಮೆರಾವೇ ಸರಿಯುವಾಗ ಮಾತ್ರ ಫ್ರೇಮಿಗೊಂದು ಫೋಟೊ ತೆಗೆಯುವುದು ರೂಢಿ.

"ಹಾಗಾದರೆ ಕುಪ್ಪಳಿಸಿದಂತೆ ಕಾಣುವುದಿಲ್ಲವೇ?" ಎಂದು ಕೇಳುವವರು ದಯವಿಟ್ಟು ಒಂದು ಬೆಂಕಿಪೊಟ್ಟಣ ಮತ್ತು ಅಳತೆಪಟ್ಟಿ ತೆಗೆದುಕೊಳ್ಳಲಿ. ಪೊಟ್ಟಣವನ್ನು 12 ಹೆಜ್ಜೆಗಳಲ್ಲಿ, ಪ್ರತಿ ಸಲ ಎರಡು ಸೆಂಟಿಮೀಟರಿನಂತೆ, 24 ಸೆಂಟಿಮೀಟರ್ ಸರಿಸಿ ಫೋಟೊ ತೆಗೆಯಿರಿ. ಬಳಿಕ ಅದೇ ದೂರವನ್ನು ಅಷ್ಟೇ ಹೆಜ್ಜೆಗಳಲ್ಲಿ, ಮೊದಲು ಅರ್ಧ, ಆಮೇಲೆ ಒಂದು, ಒಂದೂವರೆ, ಎರಡೂವರೆ, ಮೂರು, ಮೂರೂವರೆ ಸೆಂಟಿಮೀಟರ್ ಸರಿಸಿ, ಅರ್ಧ ದಾರಿ ದಾಟಿದ ಮೇಲೆ ಅದೇ ಅಳತೆಗಳನ್ನು ಹಿಂದುಮುಂದಾಗಿಸಿ ಮುಗಿಸಿರಿ. ಮೊದಲನೆಯದರಲ್ಲಿ ಯಾರೋ ಪೊಟ್ಟಣವನ್ನು ದಾರ ಕಟ್ಟಿ ಎಳೆದಂತಿರುತ್ತದೆ. ಎರಡನೆಯದರಲ್ಲಿ ಪೊಟ್ಟಣ ತಾನೇ ಹೊರಟು ತಾನೇ ನಿಂತಂತಿರುತ್ತದೆ. ಫೋಟೊಗಳ ಸಂಖ್ಯೆ ಎರಡರಲ್ಲೂ ಒಂದೇ. ಅಳತೆ ತಪ್ಪಿದ ಚಲನೆಗೆ 24 ಫೋಟೊ ತೆಗೆದರೆ ತಪ್ಪು ಇಮ್ಮಡಿ ಶ್ರಮದಿಂದ ದಾಖಲಾಗುತ್ತದೆ, ಅಷ್ಟೇ. ಫೋನಿನ ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್‌ಗಳನ್ನು ಲಾಕ್ ಮಾಡದೆ, ಕಿಟಕಿಯ ಬೆಳಕನ್ನು ನಂಬಿ ತೆಗೆದ ಚಿತ್ರ ಮಿನುಗಿದಾಗಲೂ ದೂರು ಬರುವುದು 24ರ ಮೇಲೆಯೇ.

ನೀವು ಕೇಳದಿದ್ದರೂ ಒಂದು ಮಾತು ಹೇಳಬೇಕು. ಬೊಂಬೆ ಮಾತಾಡುವುದಿದ್ದರೆ ಧ್ವನಿಯನ್ನು ಮೊದಲೇ ದಾಖಲಿಸಿ, ಯಾವ ಅಕ್ಷರ ಎಷ್ಟನೆಯ ಫ್ರೇಮಿನಲ್ಲಿ ಬರುತ್ತದೆಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಯಾವ ಧ್ವನಿಗೆ ಬಾಯಿಯ ಆಕಾರ ಯಾವುದೆಂದು ತೋರಿಸುವ ಇಂಗ್ಲಿಷಿನ ಬಾಯಿನಕ್ಷೆಗಳನ್ನು ಹುಡುಕಿ ತಂದು ಗೊಂದಲಪಡುವ ಅಗತ್ಯವಿಲ್ಲ. ತುಟಿಗಳು ಪೂರ್ತಿ ಮುಚ್ಚಬೇಕಾದ ಜಾಗಗಳನ್ನು ನಮ್ಮ ವರ್ಣಮಾಲೆಯೇ ಪ, ಫ, ಬ, ಭ, ಮ ಎಂದು ಒಂದೇ ಸಾಲಿನಲ್ಲಿ ಜೋಡಿಸಿಟ್ಟಿದೆ. ಉಳಿದ ಅಕ್ಷರಗಳಲ್ಲಿ ಬಾಯಿಯ ಆಕಾರ ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ಈ ಐದರಲ್ಲಿ ಬಾಯಿ ತೆರೆದಿದ್ದರೆ ನೋಡುವವರಿಗೆ ತಕ್ಷಣ ತಿಳಿಯುತ್ತದೆ. 'ಅಮ್ಮಾ' ಎನ್ನಲು ಅರ್ಧ ಸೆಕೆಂಡ್ ಎಂದುಕೊಂಡರೆ ಆರು ಫೋಟೊ: ತೆರೆದ ಬಾಯಿಗೆ ಒಂದು, ಒತ್ತಕ್ಷರ ಕಾಯಿಸುವುದರಿಂದ ಮುಚ್ಚಿದ ತುಟಿಗೆ ಎರಡು, ದೀರ್ಘಕ್ಕೆ ಮೂರು. ಮುಚ್ಚಿದ ತುಟಿಯನ್ನು ಧ್ವನಿಗಿಂತ ಒಂದು ಫ್ರೇಮ್ ಮೊದಲೇ ತಂದರೆ ಇನ್ನೂ ಚೆನ್ನಾಗಿ ಹೊಂದುತ್ತದೆ.