ಫಾರ್ಮಿನಲ್ಲಿ ‘ಬಟ್ಟೆ, ಗಿಫ್ಟ್’ ಎಂದರೆ ಸಾಲದು

ಶಿರಸಿಯಿಂದ ಅಮೆರಿಕಕ್ಕೆ, ಭಟ್ಕಳದಿಂದ ದುಬೈಗೆ ಬಟ್ಟೆ ಪಾರ್ಸೆಲ್ ಹೋಗುವುದು ಹೊಸದೇನಲ್ಲ. ಬುಕಿಂಗ್ ಮಾಡುವ ನಮಗೆ ತಲೆನೋವು ತರುವುದು ತೂಕವಲ್ಲ, ಕಸ್ಟಮ್ಸ್ ಫಾರ್ಮಿನ ಒಂದು ಸಾಲು: ಒಳಗೇನಿದೆ? ಹೆಚ್ಚಿನವರು ‘ಬಟ್ಟೆ, ಗಿಫ್ಟ್’ ಎಂದು ಬರೆದು ಪೆನ್ನು ಮುಚ್ಚುತ್ತಾರೆ. ಅಷ್ಟಕ್ಕೆ ಅಲ್ಲಿಯ ಕಸ್ಟಮ್ಸ್‌ನವರು ಡ್ಯೂಟಿ (ಆಮದು ಸುಂಕ) ಹಾಕುವುದಾದರೂ ಹೇಗೆ? ನೂಲು ಯಾವುದು, ಹೆಣೆದದ್ದೋ ನೇಯ್ದದ್ದೋ, ಹೊಲಿದಿದೆಯೋ ಇಲ್ಲವೋ, ಎಲ್ಲ ಅವರಿಗೆ ಬೇಕು.

ಸರಕನ್ನು ವಿಂಗಡಿಸಲು ಕಸ್ಟಮ್ಸ್‌ನವರು ಬಳಸುವ ಅಂತರರಾಷ್ಟ್ರೀಯ ಸಂಖ್ಯೆಗಳ ಪಟ್ಟಿಯೇ ಎಚ್‌ಎಸ್ ಕೋಡ್. ಟೀ ಶರ್ಟ್, ಸ್ವೆಟರ್‌ನಂಥ ಹೆಣೆದ ಉಡುಪು ಅದರ 61ನೇ ಅಧ್ಯಾಯ. ನೇಯ್ದ ಬಟ್ಟೆಯಲ್ಲಿ ಹೊಲಿದ ಅಂಗಿ, ಲಂಗ 62. ಸೀರೆ? ನಮ್ಮ ದೇಶದ ಪಟ್ಟಿಯಲ್ಲಿ ಅದು ಈ ಎರಡರಲ್ಲೂ ಇಲ್ಲ. ಹೊಲಿಗೆ ಇಲ್ಲವಲ್ಲ, ಹಾಗಾಗಿ ಅದು ಉಡುಪೇ ಅಲ್ಲ, ಬರೀ ಬಟ್ಟೆ! ರೇಷ್ಮೆ ಸೀರೆ 5007 ಎಂಬ ಕೋಡ್‌ಗೆ ಸೇರುತ್ತದೆ, ಜೊತೆಗೆ ಹೊಲಿಸಿದ ಬ್ಲೌಸ್ 6206ಕ್ಕೆ. ಆದ್ದರಿಂದ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ: ‘ರೇಷ್ಮೆ ಸೀರೆ 1’, ‘ಹೆಂಗಸರ ಹತ್ತಿ ಬ್ಲೌಸ್ 1’. ಎದುರಿಗೆ ಒಂದೊಂದರ ಬೆಲೆ.

ಬೆಲೆ ಬಂದಾಗ ಪಿಸುಮಾತು ಶುರು. “ತಮಾ, ಐನೂರು ಹೇಳಿ ಬರೆದ್ಬಿಡು.” ಹತ್ತು ಸಾವಿರದ ಸೀರೆಗೆ ಐನೂರು ಎಂದರೆ ನೋಡಿದವರಿಗೇ ಅನುಮಾನ ಬರುತ್ತದೆ. ಬಿಲ್ ಕೇಳಿ ತಡೆದು ನಿಲ್ಲಿಸುತ್ತಾರೆ. ಪಾರ್ಸೆಲ್ ಕಳೆದುಹೋದರೆ ಬರೆದ ಬೆಲೆಗಿಂತ ಜಾಸ್ತಿ ಪರಿಹಾರವೂ ಸಿಗದು.

ಗಿಫ್ಟ್‌ಗೆ ರಿಯಾಯಿತಿ ಇದೆ, ಆದರೆ ಮಿತಿ ಸಣ್ಣದು. ಬ್ರಿಟನ್‌ಗೆ 39 ಪೌಂಡ್, ಯುರೋಪ್ ಒಕ್ಕೂಟಕ್ಕೆ 45 ಯೂರೋ, ಅಮೆರಿಕಕ್ಕೆ 100 ಡಾಲರ್. ಅದೂ ಮನೆಯವರು ಮನೆಯವರಿಗೆ, ಸ್ನೇಹಿತರಿಗೆ ಕಳಿಸಿದ್ದಕ್ಕೆ. ಇನ್‌ಸ್ಟಾಗ್ರಾಂನಲ್ಲಿ ಕುರ್ತಾ ಮಾರುವವರು ಗಿಫ್ಟ್ ಎಂದು ಬರೆಯುವಂತಿಲ್ಲ. ಅಮೆರಿಕದಲ್ಲಿ 800 ಡಾಲರ್‌ವರೆಗೆ ಡ್ಯೂಟಿ ಇಲ್ಲದ ಕಾಲವೂ 2025ರ ಆಗಸ್ಟ್ 29ಕ್ಕೆ ಮುಗಿಯಿತು. ಆಗ ನಮ್ಮ ಅಂಚೆ ಇಲಾಖೆ ಅಲ್ಲಿಗೆ ಪಾರ್ಸೆಲ್ ಬುಕಿಂಗ್ ನಿಲ್ಲಿಸಿತ್ತು. ಅಕ್ಟೋಬರ್ 15ರಿಂದ ಮತ್ತೆ ಶುರು ಮಾಡಿದಾಗ, ಡ್ಯೂಟಿಯನ್ನು ಇಲ್ಲೇ ಬುಕಿಂಗ್ ಹೊತ್ತಿಗೆ ಕಟ್ಟಿಸಿಕೊಳ್ಳುವ ಕ್ರಮ ಬಂತು. ಬೇರೆ ಕಡೆ ಸಾಮಾನ್ಯವಾಗಿ ಪಾರ್ಸೆಲ್ ಪಡೆಯುವವರೇ ಕಟ್ಟಬೇಕು. ಕಳಿಸುವ ಮೊದಲು ಅವರಿಗೆ ಒಂದು ಮಾತು ಹೇಳಿಬಿಡಿ. ಬ್ರಿಟನ್, ಯುರೋಪ್‌ನ ಡ್ಯೂಟಿ ಲೆಕ್ಕದಲ್ಲಿ ಸಾಗಣೆ ಖರ್ಚೂ ಸೇರುತ್ತದೆ.

ಹಳೇ ಬಟ್ಟೆಯಾದರೆ ‘ಬಳಸಿದ್ದು’ ಎಂದು ಬರೆದು ಈಗ ಬಾಳುವ ಬೆಲೆ ಹಾಕಿ, ಸೊನ್ನೆ ಬೇಡ. ಇನ್ನು ಸೀರೆಯ ಮಡಿಕೆಯೊಳಗೆ ಅಪ್ಪೆಮಿಡಿ ಉಪ್ಪಿನಕಾಯಿ, ಅಡಿಕೆ ಪೊಟ್ಟಣ ಸೇರಿಸುವ ಅಮ್ಮಂದಿರಿಗೆ ನನ್ನದು ಕೈಮುಗಿದ ಬೇಡಿಕೆ: ಫಾರ್ಮಿನಲ್ಲಿ ಇಲ್ಲದ್ದು ಡಬ್ಬಿಯಲ್ಲೂ ಬೇಡ. ಎಕ್ಸ್‌ರೇಯಲ್ಲಿ ಅದು ಕಾಣುತ್ತದೆ, ಆಮೇಲೆ ಸೀರೆಯೂ ಅಲ್ಲೇ ಕೂರುತ್ತದೆ.